ಕುದುರೆಯ ಮಂಡಿಚಿಪ್ಪು ಸಿಕ್ಕಿಕೊಂಡಾಗ

ಮೂಡಲಗಿ, ಗೋಕಾಕ ಭಾಗದ ಗಾಡಿ ಶರ್ಯತ್ತಿನ ಕುದುರೆಯ ಹಿಂಗಾಲು ಒಮ್ಮೊಮ್ಮೆ ಹಿಂದಕ್ಕೆ ಚಾಚಿ ಸೆಟೆದು ನಿಲ್ಲುವುದುಂಟು. ಗೊರಸಿನ ತುದಿ ನೆಲ ಕೆರೆಯುತ್ತದೆ. ಮಂಡಿಚಿಪ್ಪು ಮೇಲೆ ಸರಿದು ತೊಡೆಯೆಲುಬಿನ ಉಬ್ಬಿಗೆ ಸಿಕ್ಕಿಕೊಳ್ಳುವುದೇ ಕಾರಣ. ಹಿಂದಕ್ಕೆ ಹೆಜ್ಜೆ ಇಡಿಸಿದರೆ ಹಲವೊಮ್ಮೆ ಬಿಡಿಸಿಕೊಳ್ಳುತ್ತದೆ.

ಎತ್ತುಗಳಲ್ಲಿ ಇದು ಸಾಮಾನ್ಯ. ಪಶುವೈದ್ಯರು ಒಳಬದಿಯ ಕಟ್ಟುನಾರನ್ನು ಕತ್ತರಿಸಿದರೆ ಎತ್ತು ಬಹುಮಟ್ಟಿಗೆ ಆಗಲೇ ಸರಾಗವಾಗಿ ನಡೆಯುತ್ತದೆ. ಕುದುರೆಗೂ ಹಾಗೆಯೇ ಮಾಡಿರೆಂದು ವೈದ್ಯರನ್ನು ಒತ್ತಾಯಿಸಬೇಡಿ. ಕತ್ತರಿಸಿದ ಬಳಿಕ ಬೇಗ ಓಡಿಸಿದರೆ ಚಿಪ್ಪಿನ ಕೆಳತುದಿ ಚೂರಾಗಬಹುದು. ಆ ಚೂರು ತೆಗೆಯಲು ಪೂರ್ಣ ಅರಿವಳಿಕೆ ಕೊಟ್ಟು, ಸುಮಾರು 4 ಮಿ.ಮೀ. ದಪ್ಪದ ದರ್ಶಕ ನಳಿಕೆಯನ್ನು ಕೀಲಿನೊಳಗೆ ತೂರಿಸಬೇಕು. ಹಳ್ಳಿಯ ದವಾಖಾನೆಯಲ್ಲಿ ಆಗುವ ಕೆಲಸವಲ್ಲ.

ಎಳೆಯ, ಬಡಕಲು ಕುದುರೆಯಾದರೆ ಮೊದಲು ಮೇವು ಸುಧಾರಿಸಿ, ದಿನವೂ ನೇರ ದಾರಿಯಲ್ಲಿ ನಡೆಸಿ ತೊಡೆಯ ಸ್ನಾಯು ಬಲಿಯಗೊಡಿ. ಕತ್ತರಿಸಲೇಬೇಕಾದರೆ ಮೂರು ತಿಂಗಳಾದರೂ ಗಾಡಿಗೆ ಹೂಡಬಾರದು, ಶರ್ಯತ್ತು ಎಷ್ಟೇ ದೊಡ್ಡದಿರಲಿ.