ಬೇಡದ ಫೈಲನ್ನು ಒತ್ತಿಬಿಟ್ಟರೆ ಏನು ಮಾಡಬೇಕು?



ಗುರುತಿಲ್ಲದ ಫೈಲು ತೆರೆಯಬೇಡಿ ಎಂದು ಸಭೆಗಳಲ್ಲಿ ನಾವು ಹೇಳುತ್ತಲೇ ಇರುತ್ತೇವೆ. ತೆರೆದಾದ ಮೇಲೆ ಏನು ಮಾಡಬೇಕೆಂದು ಹೇಳುವವರು ಕಡಿಮೆ. ಈ ಪಾಠ ಅದಕ್ಕಾಗಿ.

2000ನೇ ಇಸವಿಯ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ತಲೆಬರಹದ ಇಮೇಲ್ ಫಿಲಿಪ್ಪೀನ್ಸ್‌ನಿಂದ ಹೊರಟು ಲೋಕದ ಲಕ್ಷಾಂತರ ಕಂಪ್ಯೂಟರುಗಳನ್ನು ಕೆಡಿಸಿತು. ಕಳುಹಿಸಿದವರ ಹೆಸರು ಪರಿಚಯದವರದ್ದೇ ಆಗಿದ್ದರಿಂದ ಜನ ನಂಬಿ ಅದರ ಜೊತೆಗಿದ್ದ ಫೈಲನ್ನು ತೆರೆದರು. ಇಂದು ಅದೇ ಉಪಾಯ ವಾಟ್ಸಾಪಿನಲ್ಲಿದೆ. ಮದುವೆ ಕರೆಯೋಲೆ, ಪಿಎಂ ಕಿಸಾನ್ ಪಟ್ಟಿ, ಗಾಡಿಯ ದಂಡದ ಚೀಟಿ ಎಂದು ಬಂದ ಫೈಲಿನ ಹೆಸರಿನ ಕೊನೆಗೆ ‘ಎಪಿಕೆ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಕಾಗದವೂ ಅಲ್ಲ, ಫೋಟೊವೂ ಅಲ್ಲ, ಒಂದು ಆ್ಯಪ್. ಇನ್‌ಸ್ಟಾಲ್ ಮಾಡಿ, ಅದು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರೆ ನಿಮಗೆ ಬರುವ ಒಟಿಪಿ ಕಳ್ಳನಿಗೂ ಕಾಣುತ್ತದೆ. “ನಾನು ಯಾರಿಗೂ ಒಟಿಪಿ ಹೇಳಿಲ್ಲ ಸಿಸ್ಟರ್, ಆದ್ರೂ ದುಡ್ಡು ಹೋಯ್ತು” ಎನ್ನುವುದು ಹೀಗೆ.

ಗೊತ್ತಾದ ಕೂಡಲೇ ಫೋನಿನಲ್ಲಿ ವಿಮಾನದ ಗುರುತನ್ನು ಒತ್ತಿ ನೆಟ್ ನಿಲ್ಲಿಸಿ, ವೈಫೈ ಕೂಡ ಆರಿಸಿ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ. ಹಳೆಯ ಬಟನ್ ಫೋನ್ ಇದ್ದರೆ ಬಹಳ ಒಳ್ಳೆಯದು. ಅದರಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ಎಟಿಎಂ ಕಾರ್ಡು, ಮೊಬೈಲ್ ಬ್ಯಾಂಕಿಂಗ್ ಎಲ್ಲ ನಿಲ್ಲಿಸಲು ಹೇಳಿ. ನಂಬರನ್ನು ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂಬದಿಯಲ್ಲೋ ನೋಡಿ. ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಕಳ್ಳರೇ ನಂಬರು ಹಾಕಿರುತ್ತಾರೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ಅಲ್ಲೇ ತಡೆಹಿಡಿಯಬಹುದು.

“ಮನೆಯವರು ಬೈತಾರೆ, ಸಂಘದವರು ಏನಂದಾರು” ಎಂದು ಎಷ್ಟೋ ಸಹೋದರಿಯರು ಎರಡು ದಿನ ಸುಮ್ಮನಿರುತ್ತಾರೆ. ಅಷ್ಟರಲ್ಲಿ ಹಣ ನಾಲ್ಕಾರು ಖಾತೆ ದಾಟಿರುತ್ತದೆ. ನಮ್ಮ ಅಜಾಗರೂಕತೆಯಿಂದಲೇ ಹಣ ಹೋದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಯಲ್ಲಿ ಹೇಳಿತು. ಆದ್ದರಿಂದ ಫೋನ್ ಮಾಡಿದ್ದು ಸಾಲದು. ಶಾಖೆಗೆ ಹೋಗಿ ಲಿಖಿತ ದೂರು ಕೊಟ್ಟು, ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ.

ಬಂದ ಮೆಸೇಜನ್ನು ಅಳಿಸುವ ಮೊದಲು ಬೇರೆ ಫೋನಿನಿಂದ ಅದರ ಫೋಟೊ ತೆಗೆದಿಡಿ. ಆಮೇಲೆ ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಅದನ್ನು ಹುಡುಕಿ ತೆಗೆಯಿರಿ. ಕೆಲವು ಆ್ಯಪ್‌ಗಳು ಅಡಗಿ ಕೂರುತ್ತವೆ, ಅನುಮಾನವಿದ್ದರೆ ತಿಳಿದವರಿಂದ ಇಡೀ ಫೋನನ್ನು ರೀಸೆಟ್ ಮಾಡಿಸಿ. ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದಲೇ ಬದಲಾಯಿಸಿ. ಒಕ್ಕೂಟದ ಕಂಪ್ಯೂಟರಿನಲ್ಲಿ ಇಮೇಲಿನ ಫೈಲು ತೆರೆದಿದ್ದರೂ ಹೀಗೆಯೇ: ನೆಟ್ ವೈರು ಕಿತ್ತು, ಪೆನ್‌ಡ್ರೈವ್ ಹಾಕದೆ, ಪೂರ್ತಿ ಪರೀಕ್ಷೆ ಆಗುವವರೆಗೆ ಬ್ಯಾಂಕಿನ ಕೆಲಸ ಮಾಡಬೇಡಿ.

ಸಂಘದ ಕಂತನ್ನು ಸ್ವಂತ ಖಾತೆಯಿಂದ ಕಟ್ಟುವ ಪ್ರತಿನಿಧಿಗಳು ಅದೇ ದಿನ ಸಂಘಕ್ಕೆ ತಿಳಿಸಿ ನಡವಳಿ ಪುಸ್ತಕದಲ್ಲಿ ಬರೆಸಿ. ಮುಂದಿನ ವಾರ ಲೆಕ್ಕ ಕೇಳುವಾಗ ಮಾತು ಬೆಳೆಯುವುದಿಲ್ಲ. ನಿಮ್ಮ ಹೆಸರಿನಲ್ಲಿ ಅದೇ ಫೈಲು ಬೇರೆ ಸದಸ್ಯೆಯರಿಗೂ ಹೋಗಿರಬಹುದು, ಎಲ್ಲರಿಗೂ ಕರೆ ಮಾಡಿ ಎಚ್ಚರಿಸಿ.

ಇನ್ನೊಂದು ಮಾತು. ಕೆಲವು ದಿನಗಳ ನಂತರ “ಹೋದ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ” ಎಂದು ಕರೆ ಬಂದರೆ ಅವರೂ ಕಳ್ಳರೇ. ಫೋನ್ ಇಟ್ಟುಬಿಡಿ.