ಲೆಕ್ಕ ಇಡದ ಪ್ರೀತಿ

ಬೀದರ ಬಳಿಯ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗೋರಿಯಿದೆ. ಅಲ್ಲಿಯ ಉರುಸಿಗೆ ಹಿಂದೂಗಳೂ ಮುಸ್ಲಿಮರೂ ಕೂಡಿ ಬರುತ್ತಾರೆ. ಇಂಥ ಸೀಮೆಯಲ್ಲಿ ಬಾಳುವ ಕ್ರೈಸ್ತ ಬಂಧುಗಳೇ, ನಮ್ಮ ಪ್ರೀತಿ ಚರ್ಚಿನ ಬಾಗಿಲಲ್ಲೇ ನಿಲ್ಲಬಾರದು.

ಯೇಸುಸ್ವಾಮಿ ಕೊನೆಯ ರಾತ್ರಿ ಶಿಷ್ಯರ ಪಾದ ತೊಳೆದಾಗ ಯೂದನೂ ಅಲ್ಲಿದ್ದ. ತನ್ನನ್ನು ಹಿಡಿದುಕೊಡುವವನು ಇವನೇ ಎಂದು ತಿಳಿದೂ ಯೇಸು ಅವನನ್ನು ಬಿಟ್ಟು ಮುಂದೆ ಹೋಗಲಿಲ್ಲ. ನನ್ನನ್ನು ಬಹಳ ಕಾಡುವ ಸಂಗತಿಯಿದು. ಇಂಥದೇ ಪ್ರೀತಿಯ ಇನ್ನೊಂದು ಉದಾಹರಣೆ: ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಔಷಧ ಕೊಡತೊಡಗಿದ ಫಾದರ್ ಮುಲ್ಲರ್, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ಕಟ್ಟಿದರು. ಆ ರೋಗಿಗಳು ಜನ ಮುಟ್ಟಲು ಹೆದರುತ್ತಿದ್ದವರು, ತಿರುಗಿ ಕೊಡಲು ಕೈಯಲ್ಲಿ ಏನೂ ಇಲ್ಲದವರು.

ನೀವೂ ಅಂಥವರಿಂದಲೇ ಶುರುಮಾಡಿ. ಆಸ್ಪತ್ರೆಯಲ್ಲಿ ಒಂಟಿಯಾಗಿ ಮಲಗಿರುವ ನೆರೆಯವರಿಗೆ ರೊಟ್ಟಿ ಕಟ್ಟಿಕೊಂಡು ಹೋಗಿ, ಒಂದು ರಾತ್ರಿ ಜೊತೆಗಿರಿ. ಅವರ ದೇವರು ಯಾರೆಂದು ಕೇಳಬೇಡಿ. ಹೊಲದ ಬದುವಿಗಾಗಿ ಮಾತು ಬಿಟ್ಟ ತಮ್ಮನ ಮನೆಗೆ ನೀವೇ ಮೊದಲು ಹೋಗಿ. ಮಾಡಿದ್ದನ್ನು ಪ್ರಾರ್ಥನಾ ಕೂಟದಲ್ಲಿ ಸಾಕ್ಷಿಯೆಂದು ಹೇಳಿಕೊಳ್ಳಬೇಡಿ.

ಒಂದು ಎಚ್ಚರ: ಏಟು ತಿನ್ನುವುದು ತ್ಯಾಗವಲ್ಲ. ಗಂಡನ ಕೈಯಲ್ಲಿ ನಲುಗುತ್ತಿರುವ ಅಕ್ಕನಿಗೋ ತಂಗಿಗೋ ಸಹಿಸಿಕೋ ಎನ್ನಬೇಡಿ. ನಿಮ್ಮ ಮನೆಯಲ್ಲಿ ಅವಳಿಗೆ, ಅವಳ ಮಕ್ಕಳಿಗೆ ಜಾಗ ಮಾಡಿಕೊಡಿ.