ಕತ್ತರಿ, ಎಲೆ, ಅಂಟು: ಕೊಯ್ಲಾದ ಗಾಂಜಾ ಹೂವನ್ನು ಕೈಯಲ್ಲಿ ಸವರುವ ಕೆಲಸದ ವಿಜ್ಞಾನ

ಕ್ಯಾಲಿಫೋರ್ನಿಯಾದ ಲಾಸ್ ಆಲ್ಟೋಸ್‌ನಿಂದ ನಾವು ಮಾತಾಡ್ತಾ ಇದ್ದೀವಿ. ಇವತ್ತಿನ ವಿಷಯ ಕೇಳಿ ಕೆಲವರು ಹುಬ್ಬೇರಿಸಬಹುದು. ಕೊಯ್ದ ಗಾಂಜಾ ಗಿಡದಿಂದ ಎಲೆ ಸವರಿ ಹೂವನ್ನು ಬೇರೆ ಮಾಡೋ ಕೈಕೆಲಸ. ಸೇದೋದರ ಬಗ್ಗೆ ಅಲ್ಲ, ಸವರೋದರ ಬಗ್ಗೆ.

2016ರ ನವೆಂಬರಿನಲ್ಲಿ ಇಲ್ಲಿನ ಮತದಾರರು ಪ್ರೊಪೊಸಿಷನ್ 64 ಅನ್ನು ಒಪ್ಪಿದರು. ಅಂದಿನಿಂದ 21 ವರ್ಷ ತುಂಬಿದವರು ಒಂದು ಮನೆಗೆ ಆರು ಗಿಡ ಮೀರದಂತೆ ಬೆಳೆಯಬಹುದು, ಬೀಗ ಹಾಕಿದ ಜಾಗದಲ್ಲಿ, ಬೀದಿಗೆ ಕಾಣದ ಹಾಗೆ. ಹೀಗಾಗಿ ಅಕ್ಟೋಬರ್ ಹೊತ್ತಿಗೆ ಈ ಕೆಲಸ ಬೇ ಏರಿಯಾದಲ್ಲಿ ಯಾರ ಮನೆಯ ಊಟದ ಮೇಜಿನ ಮೇಲೂ ನಡೀತಿರಬಹುದು. ಪಕ್ಕದ ಮನೆಯವರು "ಬನ್ನಿ, ಒಂದು ಕೈ ಹಾಕಿ" ಅಂತ ಕರೆಯಲೂಬಹುದು.

ಮುಂದೆ ಹೋಗೋ ಮೊದಲು ಎರಡು ಮಾತು. ಭಾರತದಲ್ಲಿ ಕೇಳ್ತಾ ಇರೋರಿಗೆ: ಅಲ್ಲಿ 1985ರ ಮಾದಕವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್ ಪ್ರಕಾರ, ಪರವಾನಗಿ ಇಲ್ಲದೆ ಈ ಗಿಡ ಬೆಳೆಯೋದೇ ಅಪರಾಧ. ಹತ್ತು ವರ್ಷದವರೆಗೆ ಕಠಿಣ ಸಜೆ ಇದೆ. ಅಮೆರಿಕದಲ್ಲಿ ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲೆ ಇರೋರಿಗೆ: ನಿಮಗೂ ಇದರಲ್ಲಿ ದೊಡ್ಡ ಅಪಾಯ ಇದೆ. ಅದು ಏನು ಅಂತ ಕೊನೆಯಲ್ಲಿ ಬಿಡಿಸಿ ಹೇಳ್ತೀವಿ, ದಯವಿಟ್ಟು ಅಲ್ಲಿವರೆಗೂ ಕೇಳಿ.

ಕೊಯ್ಲಿನ ನಂತರದ ಕೆಲಸ

ಬೆಳೆ ಬೆಳೆಯೋದು ಅರ್ಧ ಕೆಲಸ, ಕೊಯ್ದ ಮೇಲಿನದ್ದು ಇನ್ನರ್ಧ. ನಮ್ಮ ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಡಿಕೆ ಕೊನೆ ಇಳಿಸಿದ ಮೇಲೆ ಮೆಟ್ಟುಗತ್ತಿ ಮುಂದೆ ಕೂತು ರಾತ್ರಿಯೆಲ್ಲ ಸುಲಿಯೋದು ನೆನಪಿರಬಹುದು. ಲಾಸ್ ಆಲ್ಟೋಸ್‌ಗೂ ಅಂಥದ್ದೇ ಹಿನ್ನೆಲೆ ಇದೆ. ಇಲ್ಲಿನ ನಗರಸಭೆ ಆವರಣದಲ್ಲಿ ಈಗಲೂ ಒಂದು ಏಪ್ರಿಕಾಟ್ ತೋಟ ಉಳಿದಿದೆ. ಜೆ. ಗಿಲ್ಬರ್ಟ್ ಸ್ಮಿತ್ ಅನ್ನೋರು 20ನೇ ಶತಮಾನದ ಶುರುವಿನಲ್ಲಿ ಬೆಳೆಸಿದ ತೋಟದ ಭಾಗ ಅದು. ಸಿಲಿಕಾನ್ ಕಣಿವೆ ಅನ್ನೋ ಹೆಸರು ಬರೋ ಮೊದಲು ಈ ಸಾಂಟಾ ಕ್ಲಾರಾ ಕಣಿವೆಯಲ್ಲಿ ಬೇಸಿಗೆ ಬಂದರೆ ಹೆಂಗಸರು ಮಕ್ಕಳು ಸಾಲಾಗಿ ನಿಂತು ಹಣ್ಣನ್ನು ಚಾಕುವಿನಿಂದ ಎರಡು ಹೋಳು ಮಾಡಿ, ಬೀಜ ತೆಗೆದು, ಮರದ ತಟ್ಟೆಗಳಲ್ಲಿ ಒಣಹಾಕುತ್ತಿದ್ದರು.

ಗಾಂಜಾ ಸವರೋದೂ ಅದೇ ಜಾತಿಯ ಕೆಲಸ. ಉತ್ತರ ಕ್ಯಾಲಿಫೋರ್ನಿಯಾದ ಹಂಬೋಲ್ಟ್, ಮೆಂಡೊಸಿನೊ, ಟ್ರಿನಿಟಿ ಕೌಂಟಿಗಳಲ್ಲಿ ಶರತ್ಕಾಲದ ಸುಗ್ಗಿಗೆ ದೂರದೂರದಿಂದ ಕೂಲಿಗಳು ಬರ್ತಾರೆ, ಸವರಿದ ಪೌಂಡಿನ ಲೆಕ್ಕದಲ್ಲಿ ಕೂಲಿ ಪಡೀತಾರೆ. ಯಂತ್ರಗಳು ಬಂದಿವೆ ನಿಜ. ಆದರೂ ಒಳ್ಳೆ ಹೂವನ್ನು ಇವತ್ತಿಗೂ ಕೈಯಲ್ಲೇ ಸವರ್ತಾರೆ. ಯಾಕೆ?

ಎಲ್ಲ ಇರೋದು ಒಂದು ಗುಂಡುಸೂಜಿಯಲ್ಲಿ

ಹೆಣ್ಣು ಗಿಡದ ಹೂಗೊಂಚಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಾವಿರಾರು ಗಾಜಿನ ಗುಂಡುಸೂಜಿ ಚುಚ್ಚಿದ ಹಾಗೆ ಕಾಣುತ್ತೆ. ಇವು ಟ್ರೈಕೋಮ್‌ಗಳು, ಅಂದರೆ ರಾಳ ತಯಾರಿಸೋ ಗ್ರಂಥಿರೋಮಗಳು. ಸಣ್ಣ ಕಾಂಡದ ಮೇಲೆ ಒಂದು ದುಂಡು ತಲೆ. ಆ ತಲೆಯ ಅಗಲ ಹೆಚ್ಚೆಂದರೆ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗ, ಸುಮಾರಾಗಿ ನಮ್ಮ ತಲೆಕೂದಲಿನಷ್ಟು. ತಲೆಯ ತೆಳು ಮೇಣದ ಪೊರೆಯ ಕೆಳಗೆ ರಾಳ ತುಂಬಿರುತ್ತೆ. ಟಿಎಚ್‌ಸಿಯ ಮೂಲರೂಪವಾದ ಟಿಎಚ್‌ಸಿ ಆಮ್ಲ ಅದರಲ್ಲೇ ಇರೋದು. ಪರಿಮಳ ಕೊಡೋ ಟರ್ಪೀನ್‌ಗಳೂ ಅಲ್ಲೇ. ಇವುಗಳಲ್ಲಿ ಮಿರ್ಸೀನ್ ನಮ್ಮ ಮಾವಿನ ಹಣ್ಣಿನಲ್ಲೂ ಇದೆ, ಕ್ಯಾರಿಯೋಫಿಲೀನ್ ಕರಿಮೆಣಸಿನಲ್ಲೂ ಇದೆ.

ಇದರಿಂದ ಮೂರು ವಿಷಯ ತಿಳಿಯುತ್ತೆ. ಒಂದು, ಗ್ರಂಥಿಯ ತಲೆಗೂ ಕಾಂಡಕ್ಕೂ ಇರೋ ಕೊಂಡಿ ಬಹಳ ದುರ್ಬಲ. ಒಣಗಿದಾಗ, ತಣ್ಣಗಾದಾಗ ತಟ್ಟನೆ ಮುರಿಯುತ್ತೆ. ಎರಡು, ಶಾಖಕ್ಕೆ ರಾಳ ಮೆತ್ತಗಾಗಿ ಅಂಟುತ್ತೆ, ಟರ್ಪೀನ್ ಆವಿಯಾಗಿ ಹೋಗುತ್ತೆ. ಮೂರು, ಬೆಳಕು ಮತ್ತು ಗಾಳಿ ತಾಗ್ತಾ ಹೋದರೆ ಟಿಎಚ್‌ಸಿ ನಿಧಾನವಾಗಿ ಸಿಬಿಎನ್ ಅನ್ನೋ ಬೇರೆ ವಸ್ತುವಾಗುತ್ತೆ. ಸವರುವ ಕೆಲಸದ ಎಲ್ಲ ಕಟ್ಟಳೆಗಳೂ ಈ ಮೂರರಿಂದಲೇ ಹುಟ್ಟಿದ್ದು. ಎಲೆ ಹೋಗಬೇಕು, ಗುಂಡುಸೂಜಿ ಉಳಿಯಬೇಕು. ಯಂತ್ರ ಉರುಳಿಸಿ ಉಜ್ಜುತ್ತೆ, ಗ್ರಂಥಿ ಉದುರುತ್ತೆ. ಕೈ ಮೇಲಾಗೋದು ಅಲ್ಲೇ.

ಹಸಿಯಲ್ಲೋ, ಒಣಗಿದ ಮೇಲೋ?

ಗಿಡದಲ್ಲಿ ಎರಡು ಥರದ ಎಲೆ ಇರುತ್ತೆ. ಅಂಗೈ ಅಗಲಿಸಿದ ಹಾಗಿರೋ ದೊಡ್ಡ ಎಲೆಗಳಲ್ಲಿ ಗ್ರಂಥಿ ತೀರಾ ಕಡಿಮೆ. ಇವನ್ನು ಕೊಯ್ದ ದಿನವೇ ತೊಟ್ಟು ಹಿಡಿದು ಕೈಯಲ್ಲೇ ಮುರಿದು ತೆಗೀಬಹುದು. ಹೂಗೊಂಚಲಿನ ಒಳಗಿಂದ ಇಣುಕೋ ಸಣ್ಣ ಎಲೆಗಳ ಮೇಲೆ ಸಕ್ಕರೆ ಉದುರಿಸಿದ ಹಾಗೆ ಗ್ರಂಥಿಗಳಿರುತ್ತವೆ. ಕತ್ತರಿಯ ಕೆಲಸ ಇರೋದು ಇಲ್ಲಿ.

ಹಸಿಯಲ್ಲೇ ಸವರಿದರೆ ಎಲೆ ಸೆಟೆದು ನಿಂತಿರುತ್ತೆ, ಕತ್ತರಿಗೆ ಸುಲಭವಾಗಿ ಸಿಗುತ್ತೆ. ಗ್ರಂಥಿಗಳೂ ಬಾಗ್ತವೆ, ಮುರಿಯಲ್ಲ. ಆದರೆ ಅಂಟು ವಿಪರೀತ, ಮತ್ತೆ ಎಲೆಯ ಹೊದಿಕೆ ಇಲ್ಲದ ಹೂವು ಬೇಗ ಒಣಗುತ್ತೆ. ಬೇಗ ಒಣಗಿದರೆ ಪರಿಮಳ ಕಮ್ಮಿ. ಒಣಗಿದ ಮೇಲೆ ಸವರಿದರೆ ಒಣಗೋದು ನಿಧಾನ, ಪರಿಮಳ ಚೆನ್ನಾಗಿ ಉಳಿಯುತ್ತೆ. ಆದರೆ ಎಲೆ ಮುದುಡಿ ಹೂವಿಗೆ ಅಂಟಿಕೊಂಡಿರುತ್ತೆ, ಕೆಲಸಕ್ಕೆ ಸಮಯ ಜಾಸ್ತಿ, ಗ್ರಂಥಿಗಳೂ ಹೆಚ್ಚು ಉದುರ್ತವೆ. ಗಾಳಿಯಲ್ಲಿ ತೇವ ಜಾಸ್ತಿ ಇರೋ ಕಡೆ ಬೂಷ್ಟಿನ ಭಯಕ್ಕೆ ಹಸಿಯೇ ಮೇಲು. ಇಲ್ಲಿನಂಥ ಒಣ ಹವೆಯಲ್ಲಿ ದೊಡ್ಡ ಎಲೆ ಹಸಿಯಲ್ಲೇ ತೆಗೆದು, ಸಣ್ಣ ಎಲೆ ಒಣಗಿದ ಮೇಲೆ ಸವರೋದು ಮಧ್ಯದ ದಾರಿ.

ಒಣಗಿಸೋದು ಕತ್ತಲೆ ಕೋಣೆಯಲ್ಲಿ, ಕೊಂಬೆ ತಲೆಕೆಳಗಾಗಿ ನೇತುಹಾಕಿ. ಉಷ್ಣಾಂಶ 15ರಿಂದ 20 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವ ಶೇ. 55ರಿಂದ 60, ಒಂದರಿಂದ ಎರಡು ವಾರ. ಫ್ಯಾನ್ ಇದ್ದರೆ ಕೋಣೆಯ ಗಾಳಿ ಆಡಲಿ, ಹೂವಿಗೆ ನೇರ ಬಡೀಬಾರದು. ಸಣ್ಣ ಕಡ್ಡಿ ಬಗ್ಗಿಸಿದಾಗ ಬಳುಕದೆ ಚಟ್ ಅಂತ ಮುರಿದರೆ ಹದ ಬಂತು ಅಂತ ಲೆಕ್ಕ.

ಕತ್ತರಿ ಹಿಡಿಯೋ ಕ್ರಮ

ಜಾಗ ತಂಪಾಗಿರಲಿ, ಬೆಳಕು ಚೆನ್ನಾಗಿರಲಿ. ಕೆಳಗೆ ಸಣ್ಣ ಜಾಲರಿ ಇರೋ ತಟ್ಟೆ ಇಡಿ. ಉದುರಿದ ಗ್ರಂಥಿ ಕೆಳಗೆ ಇಳಿಯುತ್ತೆ, ಎಲೆ ಮೇಲೆ ಉಳಿಯುತ್ತೆ.

ಕತ್ತರಿ ಸಣ್ಣದು, ಚೂಪು ಮೂತಿಯದು, ಬಿಟ್ಟರೆ ತಾನೇ ತೆರೆದುಕೊಳ್ಳೋ ಸ್ಪ್ರಿಂಗ್ ಇರೋದು. ಎರಡು ಇಟ್ಟುಕೊಳ್ಳಿ. ಒಂದಕ್ಕೆ ರಾಳ ಮೆತ್ತಿಕೊಂಡಾಗ ಅದನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಹಾಕಿ ಇನ್ನೊಂದನ್ನು ತಗೊಳ್ಳಿ. ನೆನೆಸಿದ್ದನ್ನು ಪೂರ್ತಿ ಒರೆಸಿ ಒಣಗಿಸಿಯೇ ಮತ್ತೆ ಬಳಸಬೇಕು, ಹತ್ತಿರದಲ್ಲಿ ಬೆಂಕಿ ಇರಕೂಡದು. ನೀರಿನಲ್ಲಿ ತೊಳೆದರೆ ಈ ಅಂಟು ಹೋಗಲ್ಲ, ಯಾಕಂದರೆ ರಾಳ ನೀರಿನಲ್ಲಿ ಕರಗಲ್ಲ. ಎಣ್ಣೆಯಲ್ಲಿ, ಆಲ್ಕೋಹಾಲಿನಲ್ಲಿ ಕರಗುತ್ತೆ. ಹಲಸಿನ ಹಣ್ಣು ಬಿಡಿಸೋ ಮೊದಲು ಅಜ್ಜಿ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳೋದೂ ಇದಕ್ಕೇ. ಇಲ್ಲಿ ಎಣ್ಣೆ ಕೈ ಹೂವಿಗೆ ತಾಗಬಾರದು, ಅದಕ್ಕೇ ಪುಡಿ ಇಲ್ಲದ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಕೈಗೆ ಅಂಟಿದ್ದರೆ ಎಣ್ಣೆ ಉಜ್ಜಿ, ಆಮೇಲೆ ಸೋಪು.

ಹೂವನ್ನು ಹೂವಿನಲ್ಲಿ ಹಿಡೀಬೇಡಿ, ಕಡ್ಡಿಯಲ್ಲಿ ಹಿಡೀರಿ. ಬೆರಳು ಒತ್ತಿದ ಕಡೆ ನೂರಾರು ಗ್ರಂಥಿ ಒಡೆಯುತ್ತೆ. ಬುಡದಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಕತ್ತರಿ ಇದ್ದಲ್ಲೇ ಇರಲಿ, ಎಡಗೈಯಲ್ಲಿ ಹೂವನ್ನು ಮೆಲ್ಲಗೆ ತಿರುಗಿಸ್ತಾ ಬನ್ನಿ. ಎಲೆಯ ತೊಟ್ಟು ಕಾಣೋ ಕಡೆ ಮೂತಿ ಒಳಗೆ ಬಿಟ್ಟು ತೊಟ್ಟನ್ನೇ ಕತ್ತರಿಸಿ. ತೊಟ್ಟು ಸಿಗದಿದ್ದರೆ ಹೂವಿನ ಮೈಗೆ ಸಮವಾಗಿ ಕತ್ತರಿ ಮಲಗಿಸಿ, ಹೊರಗೆ ಚಾಚಿದ್ದನ್ನು ಮಾತ್ರ ಸವರಿ. ಎಳೆಯಬೇಡಿ, ಕೀಳಬೇಡಿ. ಒಳಗಿನ ಎಲೆಗೂ ಗ್ರಂಥಿ ಇದೆ, ಎಲ್ಲವನ್ನೂ ಬೋಳಿಸೋ ಅಗತ್ಯ ಇಲ್ಲ.

ಸವರುವ ಹೊತ್ತು ತಪಾಸಣೆಯ ಹೊತ್ತೂ ಹೌದು. ದಪ್ಪ ಗೊಂಚಲಿನ ಒಳಗೆ ಬೂದು ಅಥವಾ ಕಂದು ಬಣ್ಣದ, ಮುಟ್ಟಿದರೆ ಪುಡಿಯಾಗೋ ಭಾಗ ಕಂಡರೆ ಅದು ಬೊಟ್ರೈಟಿಸ್ ಶಿಲೀಂಧ್ರದ ಕೊಳೆ. ಅಲ್ಲಿ ಜಿಪುಣತನ ಬೇಡ. ಆ ಗೊಂಚಲನ್ನು ಬಿಸಾಕಿ, ಕತ್ತರಿ ತೊಳೆದು, ಕೈಗವಸು ಬದಲಿಸಿ.

ಡಬ್ಬಿಗೆ ಹಾಕೋ ಹದ

ಸಂಡಿಗೆ ಸರಿಯಾಗಿ ಒಣಗದೆ ಡಬ್ಬಿ ಸೇರಿದರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಇಲ್ಲೂ ಅಷ್ಟೇ. ಇದಕ್ಕೆ ವಿಜ್ಞಾನಿಗಳ ಅಳತೆ ನೀರಿನ ಸಕ್ರಿಯತೆ, ಅಂದರೆ ಸೂಕ್ಷ್ಮಜೀವಿಗಳ ಕೈಗೆ ಸಿಗೋ ನೀರು ಎಷ್ಟು ಅನ್ನೋದು. ಸೊನ್ನೆಯಿಂದ ಒಂದರವರೆಗೆ ಅಳೀತಾರೆ. ಒಣ ಗಾಂಜಾ ಹೂವಿಗೆ ಒಪ್ಪಿತ ಮಟ್ಟ 0.55ರಿಂದ 0.65. ಕ್ಯಾಲಿಫೋರ್ನಿಯಾದ ಅಂಗಡಿಗೆ ಹೋಗೋ ಹೂವಿಗೆ 0.65 ಮೇಲ್ಮಿತಿ, ಜೊತೆಗೆ ನಾಲ್ಕು ಜಾತಿಯ ಆಸ್ಪರ್ಜಿಲಸ್ ಶಿಲೀಂಧ್ರ ಇಲ್ಲ ಅಂತ ಪರೀಕ್ಷೆಯಲ್ಲಿ ಸಾಬೀತಾಗಬೇಕು. ಮನೆಯಲ್ಲಿ ಆ ಪರೀಕ್ಷೆ ಇಲ್ಲ. ಹಾಗಾಗಿ ಗಾಜಿನ ಬಾಟಲಿಯ ಮುಕ್ಕಾಲು ಭಾಗ ತುಂಬಿ, ಒಳಗೊಂದು ಸಣ್ಣ ತೇವಮಾಪಕ ಇಡಿ. ಅದು ಶೇ. 62 ತೋರಿಸಿದರೆ ಸಕ್ರಿಯತೆ 0.62 ಅಂತ ಅರ್ಥ. 65 ದಾಟಿದರೆ ಹೊರಗೆ ಹರಡಿ ಇನ್ನಷ್ಟು ಒಣಗಿಸಿ. ಮೊದಲ ವಾರ ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸಿ. ಬೂಷ್ಟು ವಾಸನೆ ಬಂದರೆ ಎಸೆಯಿರಿ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಆಸ್ಪರ್ಜಿಲಸ್ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು.

ನಮ್ಮ ಉಸಿರು, ನಮ್ಮ ಮಣಿಕಟ್ಟು

2022ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಗಾಂಜಾ ಸಂಸ್ಕರಣೆಯ ಕೆಲಸದಲ್ಲಿದ್ದ 27 ವರ್ಷದ ಮಹಿಳೆಯೊಬ್ಬರು ಅಸ್ತಮಾದಿಂದ ತೀರಿಕೊಂಡರು. ಪುಡಿ ಮಾಡಿದ ಗಾಂಜಾದ ಧೂಳು ಅವರ ಉಸಿರಿಗೆ ಹೋಗ್ತಿತ್ತು. 2023ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಈ ಪ್ರಕರಣವನ್ನು ತನ್ನ ವಾರದ ವರದಿಯಲ್ಲಿ ಪ್ರಕಟಿಸಿತು. ಕತ್ತರಿ ಕೆಲಸದಲ್ಲಿ ಪುಡಿ ಮಾಡುವಷ್ಟು ಧೂಳು ಏಳಲ್ಲ. ಆದರೂ ಒಣ ಹೂವು ಸವರುವಾಗ ಎನ್-95 ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ. ಸೀನು, ಮೈ ತುರಿಕೆ, ಎದೆ ಬಿಗಿತ ಬಂದರೆ "ಸ್ವಲ್ಪ ನೆಗಡಿ" ಅಂತ ತಳ್ಳಿಹಾಕಬೇಡಿ. ಎದ್ದು ಹೊರಗೆ ಹೋಗಿ, ವೈದ್ಯರನ್ನು ಕಾಣಿ, ಯಾವ ಕೆಲಸ ಮಾಡ್ತಿದ್ದಿರಿ ಅನ್ನೋದನ್ನು ಮುಚ್ಚಿಡದೆ ಹೇಳಿ. ಒಮ್ಮೆ ಅಲರ್ಜಿ ಹುಟ್ಟಿದರೆ ಪ್ರತಿ ಸಲವೂ ಕೆರಳಬಹುದು.

ಗಂಟೆಗಟ್ಟಲೆ ಅದೇ ಬೆರಳು, ಅದೇ ಚಿಟಿಕೆ. ಮಣಿಕಟ್ಟು, ಹೆಬ್ಬೆರಳಿನ ಬುಡ, ಕತ್ತು ಮೂರೂ ನೋಯ್ತವೆ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಬಿಚ್ಚಿ ಆಡಿಸಿ. ಮೊಂಡು ಕತ್ತರಿಗೆ ಬಲ ಜಾಸ್ತಿ ಬೇಕು, ಹಾಗಾಗಿ ಸಾಣೆ ಹಿಡಿಸಿದ ಕತ್ತರಿಯೇ ಕೈಗೆ ಔಷಧಿ. ಸವರಿದ ಎಲೆಯನ್ನು ಮಕ್ಕಳಿಗೆ, ನಾಯಿಗೆ ಸಿಗದ ಹಾಗೆ ಬೀಗದೊಳಗೆ ಇಡಿ. ಟಿಎಚ್‌ಸಿಯ ವಿಷಬಾಧೆ ನಾಯಿಗಳಿಗೆ ಬೇಗ ಆಗುತ್ತೆ.

ಕತ್ತರಿ ಎಳೆದ ಗೆರೆ, ಕಾನೂನು ಎಳೆದ ಗೆರೆ

ಈಗ ಕೊನೆಯ ಮಾತು. ಕನ್ನಡದಲ್ಲಿ ಭಂಗಿ ಸೊಪ್ಪು ಅಂದರೆ ಎಲೆ, ಗಾಂಜಾ ಅಂದರೆ ಹೂವು. ಈ ಭೇದ ಹಳೇದು. 1893–94ರ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ನಿನ ವರದಿಯಲ್ಲೂ ಎಲೆ, ಹೂತುದಿ, ರಾಳ ಅಂತ ಮೂರು ವಿಭಾಗ ಇದೆ. ಬಂಗಾಳದ ನೌಗಾಂವ್‌ನಲ್ಲಿ ಹೊಲ ಹೊಲ ಸುತ್ತಿ ಗಂಡು ಗಿಡ ಹುಡುಕಿ ಕೀಳಿಸೋ ಪೊದ್ದಾರ್‌ಗಳ ವಿವರವೂ ಇದೆ. ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆ ಇಲ್ಲದ ಎಲೆ ಮತ್ತು ಬೀಜ ಅದರಲ್ಲಿ ಸೇರಲ್ಲ. ಗ್ರಂಥಿಗಳು ದಟ್ಟವಾಗಿರೋದು ಎಲ್ಲೋ ಅಲ್ಲೇ ಕಾನೂನೂ ಗೆರೆ ಎಳೆದಿದೆ. ಆದರೆ ಎಲೆಗೆ ರಿಯಾಯಿತಿ ಇದೆ ಅಂತ ಗಿಡ ಬೆಳೆಯೋಕೆ ರಿಯಾಯಿತಿ ಇಲ್ಲ.

ಅಮೆರಿಕದಲ್ಲಿ ಗೆರೆ ಬೇರೆ ಕಡೆ ಇದೆ. ರಾಜ್ಯ ಒಪ್ಪಿದರೂ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಮನೆಯಲ್ಲಿ ಗಾಂಜಾ ಬೆಳೆಯೋದು ಇನ್ನೂ ಅಪರಾಧ, ಮತ್ತೆ ವಲಸೆ ವಿಚಾರ ಪೂರ್ತಿ ಕೇಂದ್ರದ ಕೈಯಲ್ಲಿದೆ. 2019ರ ಏಪ್ರಿಲಿನಲ್ಲಿ ಪೌರತ್ವ ಮತ್ತು ವಲಸೆ ಸೇವೆಗಳ ಇಲಾಖೆ ಇದನ್ನು ಸ್ಪಷ್ಟ ಮಾಡಿತು: ರಾಜ್ಯದಲ್ಲಿ ಕಾನೂನುಬದ್ಧವಾದರೂ ಗಾಂಜಾಕ್ಕೆ ಸಂಬಂಧಿಸಿದ ಚಟುವಟಿಕೆ, ಅದರ ಉದ್ಯಮದಲ್ಲಿ ಕೆಲಸ ಮಾಡೋದೂ ಸೇರಿ, ಪೌರತ್ವಕ್ಕೆ ಬೇಕಾದ ಸನ್ನಡತೆಯ ಷರತ್ತಿಗೆ ಅಡ್ಡ ಬರಬಹುದು. ಬಂಧನ, ಶಿಕ್ಷೆ ಆಗಿರಲೇಬೇಕು ಅಂತಿಲ್ಲ, ಒಪ್ಪಿಕೊಂಡ ಮಾತೇ ಸಾಕಾಗಬಹುದು. ಎಚ್-1ಬಿ ಮೇಲೆ ಇರೋರು, ಗ್ರೀನ್ ಕಾರ್ಡಿಗೆ ಕಾಯ್ತಾ ಇರೋರು, ಓದೋಕೆ ಬಂದಿರೋ ಮಕ್ಕಳು: ಪಕ್ಕದ ಮನೆಯವರ ಆರು ಗಿಡಕ್ಕೂ ಕತ್ತರಿ ಹಿಡೀಬೇಡಿ. ಅನುಮಾನ ಇದ್ದರೆ ಮೊದಲು ವಲಸೆ ವಕೀಲರನ್ನು ಕೇಳಿ. ವರ್ಷಗಟ್ಟಲೆ ಕಾದ ಅರ್ಜಿ ಒಂದು ಮಧ್ಯಾಹ್ನದ ಕೈಸಹಾಯಕ್ಕೆ ಬಲಿಯಾಗಬಾರದು.

ಕತ್ತರಿ ಹಿಡಿಯೋ ಹಕ್ಕು ಇರೋರು ಗುಂಡುಸೂಜಿ ತಲೆಯನ್ನು ನೆನಪಿಟ್ಟುಕೊಳ್ಳಿ. ತಂಪು, ಕತ್ತಲೆ, ಹಗುರ ಕೈ, ಒಣ ಬಾಟಲಿ, ಮುಖಕ್ಕೆ ಮಾಸ್ಕ್. ಇಷ್ಟು ಪಾಲಿಸಿದರೆ ಉಳಿದದ್ದು ಕೈಗೆ ತಾನೇ ಬರುತ್ತೆ.